ನಿರ್ಮಾಲ್ಯದ ಬುಟ್ಟಿ

"ಇದನ್ನ ಯಾವ ದೇವ್ರಿಗಿ ಏರ್ಸಿದ್ರೋ ಎಪ್ಪಾ?"

ಹಿತ್ತಲಲ್ಲಿ ನಿಂತು ಕಸ ಗುಡಿಸುವ ಮುರಿಗೆವ್ವ ಕೇಳಿದ್ದು ಯಾರನ್ನೂ ಅಲ್ಲ. ಹೊಂಗೆಮರದ ಬುಡದಲ್ಲಿದ್ದ ಹೂವಿನ ಗುಂಡಿಯ ಮುಂದೆ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದರಲ್ಲಿ ಹಿಡಿದ ಕೋಲಿನ ತುದಿಗೆ ಸಿಕ್ಕಿಕೊಂಡಿದ್ದ ಬೆಳ್ಳನೆಯದೊಂದನ್ನು ಎಳೆಬಿಸಿಲಿಗೆ ಎತ್ತಿ ಹಿಡಿದು, ಮರಕ್ಕೋ ಕಾಂಪೌಂಡಿನ ಮೇಲೆ ಕೂತ ಕಾಗೆಗೋ ಕೇಳಿದ ಹಾಗೆ ಕೇಳಿದಳು. ಆಮೇಲೆ ತಾನೇ ಉತ್ತರವನ್ನೂ ಕೊಟ್ಟಳು: "ಬಾಲಕೃಷ್ಣಗ ಇರಬೇಕ. ಬಾತುಕೋಳಿ ಚಿತ್ರ ಐತಿ." ಅಡುಗೆಮನೆಯ ಕಿಟಕಿಯಿಂದ ರುದ್ರಮ್ಮ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮಹಡಿಯ ವರಾಂಡದಲ್ಲಿ ಒದ್ದೆ ಪಂಚೆಯನ್ನು ಹಗ್ಗದ ಮೇಲೆ ಹರವುತ್ತಿದ್ದ ಗಂಗಾಧರಯ್ಯನವರ ಕೈ ಅರ್ಧದಲ್ಲೇ ನಿಂತಿತು. ಪಂಚೆಯ ಅಂಚಿನಿಂದ ನೀರು ಅವರ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ನೀರೇ ಹೌದೋ ಅಲ್ಲವೋ ಎಂದು ಬಗ್ಗಿ ನೋಡಿಕೊಂಡರು. ಈಚೀಚೆಗೆ ಮೈಗೆ ತೇವ ತಾಕಿದಾಗಲೆಲ್ಲ ಹಾಗೆ ನೋಡಿಕೊಳ್ಳುವುದು ರೂಢಿಯಾಗಿಬಿಟ್ಟಿತ್ತು.

ಇಂಥ ಹೊತ್ತಿನಲ್ಲೂ ಅವರ ಕಿವಿ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಯಾವ ದೇವ್ರಿಗಿ ಏರ್ಸಿದ್ರೋ ಎಪ್ಪಾ. ಒಂದೆರಡು ಮಾತ್ರೆ ಎಳೆದರೆ ಷಟ್ಪದಿಯ ಸಾಲಿಗೆ ಕೂತುಬಿಡುತ್ತದೆ. ಗಂಗಾಧರಯ್ಯನವರು ಓದಿದ್ದು ಕಡಿಮೆ, ಕೇಳಿದ್ದು ಹೆಚ್ಚು. ಬೆಂಗಳೂರಿನ ಈ ಗಿರಿನಗರವೆಂಬುದು ಇನ್ನೂ ರಾಗಿಹೊಲವಾಗಿದ್ದ ಕಾಲದಲ್ಲಿ, ಊರ ದೇವಸ್ಥಾನದ ಕೊನೆಯ ಕಂಬಕ್ಕೆ ಒರಗಿ ಕೂತು, ಹಾಡಿ ಅರ್ಥ ಹೇಳುವವರ ಬಾಯನ್ನೇ ನೋಡುತ್ತ ಬೆಳೆದವರು. ಅರ್ಥ ಮರೆತರೂ ಲಯ ಮರೆಯದು. ಬಸ್ಸಿನ ಕಂಡಕ್ಟರು ಸ್ಟಾಪುಗಳನ್ನು ಕೂಗಿದರೂ, ಡಾಕ್ಟರು ಕಾಯಿಲೆಯ ಹೆಸರು ಹೇಳಿದರೂ ಮೊದಲು ಕೇಳಿಸುವುದು ಅದರ ನಡೆ, ಆಮೇಲೆ ಅದರ ಪೆಟ್ಟು. ಈಗಲೂ ಹಾಗೇ ಆಯಿತು. ಸಾಲು ಮುಗಿದ ಮೇಲೆ ಪೆಟ್ಟು ಬಿತ್ತು: ಅದು ನನ್ನದು. ನಾನೇ ಹಾಕಿದ್ದು. ದೇವರ ಹೂವಿನೊಳಗೆ.

ಹೂವಿನ ಗುಂಡಿ ಬೇರೆ ಬೇಕು ಎಂದು ಹಟ ಹಿಡಿದವರೂ ಅವರೇ. ಮೊದಲೆಲ್ಲ ಈ ಹೊಂಗೆಮನೆ ವೃದ್ಧಾಶ್ರಮದ ಕಸವೆಲ್ಲ ಪಕ್ಕದ ರಸ್ತೆಯ ಖಾಲಿ ಸೈಟಿನ ಮೂಲೆಗೆ ಹೋಗುತ್ತಿತ್ತು. ಉಳಿದ ಅನ್ನ, ಔಷಧಿಯ ಖಾಲಿ ಪೊಟ್ಟಣ, ಗಾಯಕ್ಕೆ ಸುತ್ತಿದ ಬಟ್ಟೆ, ಕೆಳಗಿನ ಹಾಲಿನಲ್ಲಿ ಹಾಸಿಗೆ ಹಿಡಿದವರ ಡೈಪರು, ಎಲ್ಲವೂ ಒಂದೇ ಕರಿ ಚೀಲದಲ್ಲಿ. ನಾಯಿಗಳು ಚೀಲ ಹರಿದು ಒಂದೊಂದನ್ನು ಬೀದಿಬೀದಿಗೆ ಎಳೆಯುತ್ತಿದ್ದವು. ಎದುರುಮನೆಯ ಜಯದೇವಿ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಬಂದು, "ನಿಮ್ಮ ಮುದುಕರ ಮರ್ಯಾದೆಯೆಲ್ಲ ನಮ್ಮ ರಂಗೋಲಿ ಮೇಲೆ ಬಿದ್ದಿದೆ, ಬಂದು ಎತ್ಕೊಳ್ಳಿ" ಅಂದಿದ್ದಳು. ಆ ಮಾತು ವರಾಂಡದಲ್ಲಿ ಬಿಸಿಲು ಕಾಯಿಸುತ್ತಿದ್ದ ಎಲ್ಲರ ಮುಖದ ಮೇಲೂ ಬಿದ್ದಿತ್ತು. ಸುಟ್ಟುನೋಡಿದರು. ಆ ಹೊಗೆಗೆ ಅಸ್ತಮಾದ ಚೂಡಾಮಣಿಯಮ್ಮ ರಾತ್ರಿಯಿಡೀ ಕೆಮ್ಮಿದರು. ಕಡೆಗೆ ಹೊಸದಾಗಿ ಬಂದ ಮ್ಯಾನೇಜರ್ ಮಧುಮತಿ ಒಂದು ವ್ಯವಸ್ಥೆ ಮಾಡಿದಳು. ಹಸಿ ಕಸಕ್ಕೆ ಹಸಿರು ಡಬ್ಬ, ಒಣ ಕಸಕ್ಕೆ ನೀಲಿ, ರಕ್ತ ಕೀವು ಮಲಮೂತ್ರ ಸೋಂಕಿದ್ದಕ್ಕೆಲ್ಲ ಮುಚ್ಚಳವಿರುವ ಕೆಂಪು. ಹಸಿಯದಕ್ಕೆ ಹಿತ್ತಲಲ್ಲೇ ಗೊಬ್ಬರದ ಗುಂಡಿ. ಆಗ ಗಂಗಾಧರಯ್ಯನವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ದೇವರ ಮೇಲಿನ ಹೂವನ್ನು ಮುಸುರೆಯ ಜೊತೆ ಹಾಕಬಾರದಮ್ಮ, ನಿರ್ಮಾಲ್ಯವನ್ನು ಯಾರೂ ತುಳಿಯಬಾರದು, ಕಂಡವರು ಮುಟ್ಟಲೂಬಾರದು ಎಂದಿದ್ದರು. ಮಾತಾಡದವರು ಮಾತಾಡಿದ್ದಕ್ಕೋ ಏನೋ ಮಧುಮತಿ ಒಪ್ಪಿಕೊಂಡಳು. ಮೂರು ಡಬ್ಬದ ಜೊತೆಗೆ ಒಂದು ಬಿದಿರಿನ ಬುಟ್ಟಿ ಬಂತು, ಮರದ ಬುಡದಲ್ಲಿ ಒಂದು ಸಣ್ಣ ಗುಂಡಿಯೂ ಆಯಿತು. ಆ ಬುಟ್ಟಿಯನ್ನು ಅವರ ಹೊರತು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಯಾರೂ ಮುಟ್ಟದ ಬುಟ್ಟಿ ಎಂಬುದೇ ಮುಂದೆ ಅವರಿಗೆ ಉಪಯೋಗಕ್ಕೆ ಬಂತು.

ಪೂಜೆಗೆ ಕೂತರು. ಮಹಡಿಯ ಮೂಲೆಯ ದೇವರಕೋಣೆಯಲ್ಲಿ ಜಾಗಕ್ಕಿಂತ ದೇವರೇ ಹೆಚ್ಚು. ಇಲ್ಲಿ ಬಂದು ಇದ್ದು ಹೋದವರೆಲ್ಲ ಬಿಟ್ಟುಹೋದ ದೇವರುಗಳು: ಹಿತ್ತಾಳೆಯ ಗಣಪತಿ, ಮೂಗು ಸವೆದ ಲಕ್ಷ್ಮಿ, ಅಂಗೈಯಗಲದ ಅಂಬೆಗಾಲು ಕೃಷ್ಣ, ಗಾಜು ಒಡೆದ ಪಟಗಳು. ಸತ್ತವರ ಬಟ್ಟೆಯನ್ನು ಮನೆಯವರು ಯಾರಿಗಾದರೂ ಕೊಡುತ್ತಾರೆ, ಔಷಧಿಯನ್ನು ಚೆಲ್ಲುತ್ತಾರೆ, ದೇವರನ್ನು ಏನು ಮಾಡುವುದೆಂದು ತಿಳಿಯದೆ ಬಾಗಿಲ ಸಂದಿಯಲ್ಲಿ ಇಟ್ಟು ಹೋಗಿಬಿಡುತ್ತಾರೆ. ಇವರನ್ನ ಯಾವ ಡಬ್ಬಕ್ಕೆ ಹಾಕೋದು ಅಂಕಲ್ ಎಂದು ಮಧುಮತಿ ಒಮ್ಮೆ ಕೇಳಿದ್ದಳು, ತಮಾಷೆಗೆ. ಗಂಗಾಧರಯ್ಯನವರು ಒಬ್ಬೊಬ್ಬರನ್ನೇ ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಸಾಲಾಗಿ ಕೂರಿಸಿದ್ದರು. ಇವತ್ತು ನಿನ್ನೆಯ ಹೂವನ್ನು ತೆಗೆಯಲು ಕೈ ಮುಂದಾಗಲಿಲ್ಲ. ಅಂಬೆಗಾಲಿನ ಕೃಷ್ಣ ಬೆಣ್ಣೆ ಹಿಡಿದ ಕೈ ಎತ್ತಿ ಅವರನ್ನೇ ನೋಡುತ್ತಿದ್ದ. ಬಾಲಕೃಷ್ಣಗ ಇರಬೇಕ. ನಗು ಬಂದುಬಿಟ್ಟೀತೆಂದು ಅವರು ಹೆದರಿದರು. ನಗುವಾಗಲೂ ಈಗ ಹಿಡಿತ ತಪ್ಪುತ್ತಿತ್ತು.

ತಪ್ಪಲು ಶುರುವಾದದ್ದು ಯಾವತ್ತೆಂದು ಅವರು ಲೆಕ್ಕ ಇಟ್ಟಿರಲಿಲ್ಲ. ಮೊದಲು ಕೆಮ್ಮಿದಾಗ ಒಂದು ಹನಿ, ಆಮೇಲೆ ಮೆಟ್ಟಿಲು ಹತ್ತುವಾಗ, ಆಮೇಲೆ ಕಾರಣವೇ ಇಲ್ಲದೆ. ಮಡಿಯುಟ್ಟು ಸಂಕಲ್ಪ ಹೇಳುತ್ತಿದ್ದಾಗ ಒಂದು ದಿನ ತೊಡೆಯ ಬಳಿ ಬೆಚ್ಚಗಾಯಿತು. ಎದ್ದು ಹೋಗಿ ಮತ್ತೆ ಸ್ನಾನ ಮಾಡಿ ಮತ್ತೆ ಕೂತರು. ಮರುದಿನವೂ ಹಾಗೇ. ಹೊಂಗೆಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿಡಿತ ತಪ್ಪಿದವರು ಕೆಳಗಿನ ಹಾಲಿಗೆ ಇಳಿಯಬೇಕು. ಅಲ್ಲಿ ಸಾಲು ಮಂಚ, ರಬ್ಬರ್ ಶೀಟು, ಫಿನಾಯಿಲಿನ ವಾಸನೆ. ಕೆಳಗೆ ಇಳಿದವರು ಮತ್ತೆ ಮಹಡಿ ಹತ್ತಿದ್ದನ್ನು ಅವರು ಕಂಡಿರಲಿಲ್ಲ. ಹಾಸಿಗೆಯ ಮಾತು ಹಾಗಿರಲಿ, ದೇವರಕೋಣೆ ತಪ್ಪಿಹೋದರೆ ಬೆಳಗಾಗೆದ್ದು ತಾನು ಯಾರು ಎಂಬುದೇ ಅವರಿಗೆ ಹೊಳೆಯುವಂತಿರಲಿಲ್ಲ. ಅದಕ್ಕೇ ಒಂದು ಮಧ್ಯಾಹ್ನ, ಕನ್ನಡಕದ ಸ್ಕ್ರೂ ಹಾಕಿಸಿಕೊಂಡು ಬರುತ್ತೇನೆಂದು ಹೇಳಿ, ಗುರುತಿನವರು ಸಿಗದಿರಲೆಂದು ಬಸ್ಸು ಹತ್ತಿ ಜಯನಗರ ಫೋರ್ತ್ ಬ್ಲಾಕಿಗೆ ಹೋದರು. ಕಾಂಪ್ಲೆಕ್ಸಿನ ಆಚೆಯ ಮೆಡಿಕಲ್ ಸ್ಟೋರಿನಲ್ಲಿ ಜನ ಕರಗುವವರೆಗೂ ಪಕ್ಕದ ಅಂಗಡಿಯ ಸ್ಟೀಲ್ ಪಾತ್ರೆ ನೋಡುತ್ತ ನಿಂತರು. ಕರಗಿದ ಮೇಲೆ ಹೋಗಿ ಮೆಲ್ಲಗೆ ಕೇಳಿದರೆ ಅಂಗಡಿಯವನು ಏಣಿಯ ಮೇಲಿಂದಲೇ, "ಡೈಪರಾ ಸಾರ್? ಬೇಬೀದಾ, ದೊಡ್ಡವರದಾ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಹಿಂದೆ ಯಾರೋ ಹೆಂಗಸು ಬಂದು ನಿಂತಿದ್ದಳು. ಗಂಗಾಧರಯ್ಯನವರ ಬಾಯಿಂದ, "ಮೊಮ್ಮಗನಿಗೆ" ಎಂದು ಬಂದುಬಿಟ್ಟಿತು. "ಎಷ್ಟು ತಿಂಗಳು ಸಾರ್ ಪಾಪುಗೆ?" ಅವರು ಒಂಬತ್ತು ಅಂದರು. ಆ ಹೆಂಗಸು, "ತೊದಲು ಮಾತು ಶುರುವಾಗಿರತ್ತೆ ಅಲ್ವಾ ಅಂಕಲ್? ಹೆಸರೇನು?" ಎಂದಳು. ಇಲ್ಲದ ಮೊಮ್ಮಗನಿಗೆ ಹೆಸರೂ ಇಟ್ಟರು, ಮೌನೇಶ ಎಂದು. ಹಾಗೆ ಸಿಕ್ಕಿದ್ದು ಈ ಬಾತುಕೋಳಿಯ ಪೊಟ್ಟಣ. ಸೊಂಟಕ್ಕೆ ಸುತ್ತದಿದ್ದರೂ ಮಡಿಸಿ ಲಂಗೋಟಿಯೊಳಗೆ ಇಟ್ಟರೆ ಒಂದು ಪೂಜೆಗೆ ಸಾಕಾಗುತ್ತಿತ್ತು.

ಇಟ್ಟುಕೊಂಡದ್ದನ್ನು ಎಸೆಯುವುದೇ ಕಷ್ಟವಾಗಿತ್ತು. ಕೆಂಪು ಡಬ್ಬ ಇದ್ದುದು ಒಂದೇ, ಅದೂ ಕೆಳಗೆ, ಟೀವಿಯ ಪಕ್ಕದಲ್ಲಿ. ಅತ್ತ ಹೆಜ್ಜೆ ಇಟ್ಟವರ ಕಡೆ ಕುರ್ಚಿಗಳಲ್ಲಿದ್ದ ತಲೆಗಳೆಲ್ಲ ತಿರುಗುತ್ತಿದ್ದವು. ಕೋಣೆಯ ಜೊತೆಗಾರ ಬೈಲಪ್ಪ, ಹಿಂದೆ ಬಸ್ ಕಂಡಕ್ಟರಾಗಿದ್ದವನು, "ಯಾತ್ರೆ ಹೊರಟ್ರು, ಯಾತ್ರೆ, ರೈಟ್ ರೈಟ್" ಎಂದು ಸೀಟಿ ಊದುತ್ತಿದ್ದ. ಮೊದಲ ಸಲ ಕಾಗದದಲ್ಲಿ ಸುತ್ತಿ ಹಿಡಿದು ಮೆಟ್ಟಿಲವರೆಗೆ ಬಂದು, ಆ ಸೀಟಿ ಕೇಳಿ ಹಿಂದಕ್ಕೆ ಹೋದರು. ದೇವರಕೋಣೆಯಲ್ಲಿ ಬುಟ್ಟಿ ಇತ್ತು. ಮೇಲೆ ಬಾಡಿದ ಸೇವಂತಿಗೆ, ಬಿಲ್ವಪತ್ರೆ. ಕೈ ತನ್ನಷ್ಟಕ್ಕೆ ಹೂವನ್ನು ಸರಿಸಿ, ಪೊಟ್ಟಣವನ್ನು ಕೆಳಗಿಟ್ಟು, ಹೂವನ್ನು ಮೇಲೆ ಹರಡಿತು. ಬುಟ್ಟಿ ಎತ್ತಿ ಹಾಲನ್ನು ದಾಟುವಾಗ ಬೈಲಪ್ಪನೂ ಕೈಮುಗಿದ. ಹೂವೆಲ್ಲ ಮಣ್ಣಿನಲ್ಲಿ ಕರಗುತ್ತದೆ, ಇದೂ ಕರಗಲಿ ಎಂದುಕೊಂಡರು. ಹೊಲ ಉತ್ತವರ ಮನೆಯಲ್ಲಿ ಹುಟ್ಟಿದವರು, ಯಾವುದು ಕರಗುತ್ತದೆ ಯಾವುದು ಕರಗದು ಎಂದು ತಿಳಿಯದವರಲ್ಲ. ತಿಳಿದೂ ಹಾಗಂದುಕೊಂಡರು. ಈಗ ಮುರಿಗೆವ್ವ ಕೆದಕಿದಾಗ ಸೇವಂತಿಗೆಯೆಲ್ಲ ಕಪ್ಪು ಮಣ್ಣಾಗಿತ್ತು, ಬಾತುಕೋಳಿಗಳು ಮಾತ್ರ ಹಳದಿ ಹಳದಿಯಾಗಿಯೇ ನಗುತ್ತಿದ್ದವು.

ತಿಂಡಿಯ ಹೊತ್ತಿಗೆ ಸುದ್ದಿ ಉಪ್ಪಿಟ್ಟಿನ ಜೊತೆಗೇ ಎಲ್ಲರ ತಟ್ಟೆಗೂ ಬಂದಿತ್ತು. "ಏನ್ ಗಂಗಣ್ಣ, ನಿನ್ನ ದೇವ್ರು ರಾತ್ರಿ ಹೊತ್ತು ಮಗು ಹೆತ್ತವ್ನಂತೆ!" ಎಂದ ಬೈಲಪ್ಪ, ಚಟ್ನಿ ಬೆರಳಿಂದ ನೆಕ್ಕುತ್ತ. "ಸುಮ್ನಿರೋ" ಎಂದರು ಗಂಗಾಧರಯ್ಯನವರು. "ನಾನ್ ಸುಮ್ನಿದ್ರೆ ಬಾತುಕೋಳಿ ಸುಮ್ನಿರ್ತದಾ? ಈ ವಯಸ್ಸಿನಾಗೆ ಇಲ್ಲಿ ಯಾರಿಗೆ ಗುರು ಮಗು ಆಗಿರೋದು? ಚೂಡಾಮಣಮ್ಮಂಗಾ?" ಚೂಡಾಮಣಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಥೂ, ನಿನ್ನ ನಾಲಿಗೆಗೆ ಬೆಂಕಿ ಹಾಕ" ಎಂದು ಕೆಮ್ಮುತ್ತ ಕೆಮ್ಮುತ್ತ ನಕ್ಕರು. ಎಲ್ಲರೂ ನಕ್ಕರು. ನಗದೆ ಉಳಿದರೆ ಗೊತ್ತಾಗಿಬಿಡುತ್ತದೆಂದು ಗಂಗಾಧರಯ್ಯನವರೂ ತುಟಿ ಅಗಲಿಸಿದರು. ಆ ನಗುವಿನ ನಡುವೆಯೇ ರುದ್ರಮ್ಮ ಉಪ್ಪಿಟ್ಟಿನ ಸೌಟು ಹಿಡಿದು, ಯಾರಿಗೂ ಕೆಟ್ಟದ್ದು ಬಯಸದ ದನಿಯಲ್ಲಿ, "ಮಗು ಇರೋದು ನಮ್ಮ ಶ್ವೇತಂಗಲ್ವಾ" ಎಂದಳು. ನಗು ಅಲ್ಲಿಗೇ ನಿಂತಿತು.

ಶ್ವೇತ ಕೆಳಗಿನ ಹಾಲಿನ ಆಯಾ. ಪಕ್ಕದ ಶ್ರೀನಗರದಿಂದ ನಡೆದುಕೊಂಡೇ ಬರುವ ಹುಡುಗಿ. ಕೂಸನ್ನು ಅತ್ತೆಯ ಹತ್ತಿರ ಬಿಟ್ಟು ಬರುತ್ತಿದ್ದಳು. ಅತ್ತೆಗೆ ಜ್ವರ ಬಂದಾಗ ಒಮ್ಮೆ ಕೂಸನ್ನು ತಂದು ಉಗ್ರಾಣದ ಚೀಲಗಳ ನಡುವೆ ಮಲಗಿಸಿ ಸಿಕ್ಕಿಬಿದ್ದಿದ್ದಳು. ಇಲ್ಲಿ ಕೆಮ್ಮು, ಕೀವು, ಹುಣ್ಣು, ಏನೇನೋ ಇರುತ್ತೆ, ಎಳೆಗೂಸಿಗೆ ತಗುಲಿದರೆ ಯಾರು ಜವಾಬ್ದಾರಿ, ಇನ್ನೊಂದು ಸಲ ತಂದರೆ ನೀನೂ ಬರಬೇಡ ಎಂದು ಮಧುಮತಿ ಆಗಲೇ ಹೇಳಿದ್ದಳು. ಕೂಸು ಆವತ್ತು ಅಕ್ಕಿಚೀಲದ ಸಂದಿಯಿಂದ ಗಂಗಾಧರಯ್ಯನವರನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕಿತ್ತು. ಅವರೂ ಹಲ್ಲಿಲ್ಲದ ಬಾಯಲ್ಲೇ ನಕ್ಕಿದ್ದರು. ಕಂಡದ್ದನ್ನು ಯಾರಿಗೂ ಹೇಳಿರಲಿಲ್ಲ. ಆ ಮೌನ ಒಳ್ಳೆಯದಾಗಿತ್ತು. ಈಗಿನದೂ ಮೌನವೇ.

ಆಫೀಸಿನ ಹೊರಗೆ ಒಂದು ಮರದ ಬೆಂಚು. ಗಂಗಾಧರಯ್ಯನವರು ಅಲ್ಲಿಗೆ ಹೇಗೆ ಬಂದು ಕೂತರೆಂದು ಅವರಿಗೇ ತಿಳಿಯಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಶ್ವೇತ, "ದೇವರಾಣೆಗೂ ಇಲ್ಲ ಮೇಡಂ, ಪಾಪು ಮನೇಲೇ ಇದೆ, ಬೇಕಾದ್ರೆ ಬಂದು ನೋಡಿ" ಎನ್ನುತ್ತಿದ್ದಳು. ಮಧುಮತಿ ಬೀಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ ಹಿಡಿದ ಮೇಲೆ ತನ್ನ ಬಾಗಲಕೋಟೆಯ ಮಾತನ್ನು ಮಡಚಿಟ್ಟು ಬೆಂಗಳೂರಿನದನ್ನು ಉಟ್ಟವಳು. ಸಿಟ್ಟು ಬಂದಾಗ ಮಾತ್ರ ಮಡಿಕೆ ಬಿಚ್ಚಿಕೊಳ್ಳುತ್ತಿತ್ತು. "ಮತ್ತ ಇವು ಎಲ್ಲಿಂದ ಬಂದ್ವು? ಮುಗಲಿನಿಂದ ಉದುರಿದ್ವೇನು? ದೇವರ ಹೂವಿನ ಗುಂಡಿಗೆ ಒಗೀತಾರ? ಆ ಅಜ್ಜ ಎಷ್ಟ ನೇಮದಿಂದ ಅದನ್ನ ಇಟ್ಟಾರ, ಅವ್ರಿಗೆ ಏನಂತ ಮುಖ ತೋರಿಸ್ಲಿ ನಾನು?" ಗಂಗಾಧರಯ್ಯನವರು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆ ಅಜ್ಜ. ಒಳಗೆ ಶ್ವೇತ ಅಳುತ್ತ, "ನಮ್ಮ ಪಾಪುಗೆ ಹಳೇ ಸೀರೆ ಬಟ್ಟೇನೇ ಮೇಡಂ ಕಟ್ಟೋದು. ಇಂಥದ್ದೆಲ್ಲ ನಾವೆಲ್ಲಿ ತರೋಣ?" ಎಂದಳು. "ನಾಳಿಂದ ಬರಬ್ಯಾಡ" ಎಂದಳು ಮಧುಮತಿ.

ಎದ್ದು ಒಳಗೆ ಹೋಗು ಎಂದು ತಲೆ ಹೇಳುತ್ತಿತ್ತು, ಕಾಲು ಏಳಲಿಲ್ಲ. ಕಾರಿಡಾರಿನ ಕೊನೆಯ ಬಾಗಿಲಾಚೆ ಹಿತ್ತಲು ಕಾಣುತ್ತಿತ್ತು. ಅಲ್ಲಿ ಹೊಂಗೆಮರ. ಅಲ್ಲೇ ಹಿಂದೆ ಅವರ ಮನೆಯ ತಿಪ್ಪೆ ಇದ್ದದ್ದು. ಹೊಲ ಸೈಟಾಗಿ, ಸೈಟು ಮನೆಯಾಗಿ, ಮನೆ ಆಶ್ರಮವಾದರೂ ಮರ ಮಾತ್ರ ಕದಲಿರಲಿಲ್ಲ. ದೀಪಾವಳಿಯ ದಿನ ಅವ್ವ ತಿಪ್ಪೆಯ ನೆತ್ತಿಯ ಮೇಲೆ ಹಣತೆ ಇಡುತ್ತಿದ್ದಳು, ಸುತ್ತ ಹುಚ್ಚೆಳ್ಳಿನ ಹೂವು. ಸಗಣಿಗೆ ಯಾಕವ್ವ ಪೂಜೆ ಎಂದರೆ, ಉಣ್ಣೋನು ಕೇಳೋ ಮಾತಾ ಇದು ಎಂದು ತಲೆಗೆ ಮೊಟಕುತ್ತಿದ್ದಳು. ಒಂದು ಸಲ ಬೆಳಗಿನ ಜಾವ ಅವಸರ ತಡೆಯಲಾರದೆ ಓಡಿಬಂದು, ಕತ್ತಲಲ್ಲಿ ಕಾಣದೆ, ಆರಿಹೋಗಿದ್ದ ಆ ಹಣತೆಯ ಮೇಲೇ ಉಚ್ಚೆ ಹೊಯ್ದಿದ್ದ ಹುಡುಗ ಗಂಗಾಧರ. ಬೆಳಕಾದ ಮೇಲೆ ಕಂಡು ಹಣೆಯಲ್ಲಿ ಬೆವರಿಟ್ಟಿತ್ತು. ಅವ್ವ ಬಂದಳು, ನೋಡಿದಳು. ಹಣತೆಯನ್ನು ಎತ್ತಿ ಚೆಲ್ಲಿ, ಸೆರಗಿನಲ್ಲಿ ಒರೆಸಿ, ಹೊಸ ಬತ್ತಿ ಹಾಕಿ ಮತ್ತೆ ಹಚ್ಚಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಆಗ ಆ ಹುಡುಗನಿಗೆ ತಡೆಯಲಾಗದಂತೆ ಈಗ ಈ ಮುದುಕನಿಗೂ ತಡೆಯಲಾಗದೆ ತೊಡೆಯ ಬಳಿ ಬೆಚ್ಚಗಾಯಿತು. ಬೆಂಚಿನ ಮೇಲೆ, ಹಗಲು ಹೊತ್ತಿನಲ್ಲಿ, ಪಂಚೆಯೆಲ್ಲ. ಇವತ್ತು ಬಾತುಕೋಳಿಯೂ ಇರಲಿಲ್ಲ. ಬೆಳಗಿನ ಗಾಬರಿಯಲ್ಲಿ ಮರೆತಿದ್ದರು. ಆಶ್ಚರ್ಯವೆಂದರೆ ಇನ್ನೇನು ಪ್ರಾಣ ಹೋಯಿತು ಎಂದುಕೊಂಡವರಿಗೆ ಹೋಗಲಿಲ್ಲ. ಹೋದದ್ದು ಹೆದರಿಕೆ. ಒದ್ದೆಯಾದ ಮೇಲೆ ಮಳೆಗೆ ಹೆದರುವುದೇನು ಎಂಬಂತೆ ಅವರು ಎದ್ದು ನಿಂತು ಬಾಗಿಲು ತಳ್ಳಿದರು.

ಮೇಜಿನ ಪಕ್ಕ ನೆಲದ ಮೇಲೆ ಕಸದ ಮೊರದಲ್ಲಿ ಅವೆಲ್ಲ ಬಿದ್ದಿದ್ದವು. ಶ್ವೇತ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಧುಮತಿ ಎದ್ದು, "ಅಂಕಲ್, ನೀವು ಯಾಕೆ ಬರೋಕೆ ಹೋದ್ರಿ, ನಾನೇ ಮೇಲೆ ಬಂದು ಹೇಳೋಳಿದ್ದೆ" ಎಂದಳು. ಬೆಂಚಿನ ಮೇಲೆ ಮನಸ್ಸಿನಲ್ಲಿ ಒಂದು ದೊಡ್ಡ ಮಾತು ಕಟ್ಟಿಕೊಂಡಿದ್ದರು, ಕ್ಷಮಿಸಬೇಕು ಎಂದು ಶುರುವಾಗುವಂಥದು. ಬಾಯಿಗೆ ಬಂದದ್ದು ಅದಲ್ಲ.

"ಬಾತುಕೋಳಿ ನಂದಮ್ಮ."

ಮಧುಮತಿಗೆ ಅರ್ಥವಾಗಲಿಲ್ಲ. "ಏನಂದ್ರಿ?"

"ಆ ಬಾತುಕೋಳಿ. ಎಲ್ಲಾ ನಂದೇ. ಈ ಹುಡುಗೀದಲ್ಲ. ಅಂಗಡಿಯವನಿಗೆ ಮೊಮ್ಮಗನಿಗೆ ಅಂದ್ಬಿಟ್ಟೆ, ಅವನು ಅಂಥದ್ದು ಕೊಟ್ಟ. ಡಬ್ಬಕ್ಕೆ ಹಾಕೋಕೆ ನಾಚಿಕೆ ಆಯ್ತು. ಹೂವಿನ ಬುಟ್ಟೀಲಿ ಇಟ್ಟೆ." ಕೈ ತಾನಾಗಿ ಒದ್ದೆ ಪಂಚೆಯ ಕಡೆ ತೋರಿಸಿತು. "ನೋಡಮ್ಮ."

ಯಾರೂ ನೋಡಲಿಲ್ಲ, ಎಲ್ಲರಿಗೂ ಕಂಡಿತು. ಮೊದಲು ಸದ್ದು ಬಂದದ್ದು ಗೋಡೆಯ ಕಡೆಯಿಂದ. ಶ್ವೇತ ಅಳುತ್ತಿದ್ದಾಳೆಂದುಕೊಂಡರು. ಅವಳು ಅಳುತ್ತಲೂ ಇದ್ದಳು, ಮೂಗು ಒರೆಸಿಕೊಂಡು ಇತ್ತ ತಿರುಗಿ, "ತಾತ, ಒಂಬತ್ತು ಕೇಜಿ ಪಾಪುಂದು ತಾತ ಇದು!" ಎಂದಳು, ಮತ್ತೆ ನಗು ತಡೆಯಲಾರದೆ ಮುಖ ಮುಚ್ಚಿಕೊಂಡಳು. ಗಂಗಾಧರಯ್ಯನವರೂ ನಕ್ಕರು. ಎಷ್ಟು ದಿನದಿಂದಲೋ ಹಿಡಿದಿಟ್ಟಿದ್ದ ನಗು. ಇನ್ನು ಹೋಗುವುದಿದ್ದರೆ ಹೋಗಲಿ ಎಂದು ನಕ್ಕರು. ಮಧುಮತಿ ನಗಲಿಲ್ಲ. ಕುರ್ಚಿಯ ಮೇಲೆ ಹಾಕಿದ್ದ ತನ್ನ ಶಾಲನ್ನು ತಂದು ಅವರ ಸೊಂಟಕ್ಕೆ ಸುತ್ತಿದಳು, ತಂದೆಗೆ ಸುತ್ತುವ ಹಾಗೆ. ಆಮೇಲೆ ಶ್ವೇತಳ ಕಡೆ ನೋಡದೆ, "ತಪ್ಪಾತವ್ವ" ಎಂದಳು. ಬಾಗಲಕೋಟೆಯ ಮಾತಿನಲ್ಲೇ.

"ಕೆಳಗಿನ ಹಾಲಿಗೆ ಇವತ್ತೇ ಬರಬೇಕಾ ನಾನು?" ಎಂದು ಕೇಳಿದರು ಗಂಗಾಧರಯ್ಯನವರು.

"ಯಾಕೆ ಬರ್ಬೇಕು? ಮೆಟ್ಟಿಲು ಹತ್ತೋಕೆ ಆಗುತ್ತಲ್ಲ? ಹತ್ತಿ." ಅವಳು ಮೊರವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. "ನಾನೂ ಕೆಂಪು ಡಬ್ಬಾನ ಟೀವಿ ಪಕ್ಕದಲ್ಲಿಟ್ಟೆ ನೋಡಿ. ಮಹಡಿ ಬಚ್ಚಲೊಳಗೆ ಒಂದು ಇಡಿಸ್ತೀನಿ, ಚಿಲಕ ಹಾಕ್ಕೊಂಡು ಹಾಕಿ. ದೊಡ್ಡವರ ಸೈಜಿಂದು ಸ್ಟೋರಲ್ಲಿದೆ, ಶ್ವೇತ ಕೊಡ್ತಾಳೆ. ಆದ್ರೆ ಅಂಕಲ್, ಹೂವಿನ ಬುಟ್ಟಿಗೆ ಮಾತ್ರ…" ಅವರು ಎರಡೂ ಕೈ ಎತ್ತಿ ಮುಗಿದದ್ದನ್ನು ಕಂಡು ಅವಳು ಮಾತು ನಿಲ್ಲಿಸಿದಳು.

ಮೊರವನ್ನು ಅವರೇ ಎತ್ತಿಕೊಂಡರು. ಶ್ವೇತ ಬೇಡ ಅಂದಳು, ಇವರು ಕೊಡಲಿಲ್ಲ. ಹೆಂಗಸರ ಶಾಲು ಸುತ್ತಿಕೊಂಡು, ಮೊರ ಹಿಡಿದು, ಟೀವಿಯ ಮುಂದಿನಿಂದ ಹಾದು ಕೆಂಪು ಡಬ್ಬದವರೆಗೆ ಹೋದರು. ತಲೆಗಳು ತಿರುಗಿದವು. "ಎಲ್ಲಿಗೆ ಗಂಗಣ್ಣ, ಯಾತ್ರೆಗಾ?" ಎಂದ ಬೈಲಪ್ಪ, ಅಭ್ಯಾಸಬಲದಿಂದ. "ಹೂಂ ಕಣೋ. ಬರ್ತೀಯಾ?" ಎಂದರು. ಬೈಲಪ್ಪನ ಸೀಟಿ ತುಟಿಯಲ್ಲೇ ಉಳಿಯಿತು. ಬಾತುಕೋಳಿಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಕೈ ತೊಳೆದುಕೊಂಡರು. ಎಷ್ಟೋ ಹೊತ್ತಿನ ಮೇಲೆ, ಕೋಣೆಯಲ್ಲಿ ಅವರು ಬಟ್ಟೆ ಬದಲಿಸುತ್ತಿದ್ದಾಗ, ಬೈಲಪ್ಪ ಒಳಗೆ ಬಂದು ಬಾಗಿಲು ಹಾಕಿದ. ಕಿಟಕಿಯ ಕಡೆ ನೋಡುತ್ತ, ತೀರಾ ಸಣ್ಣ ದನಿಯಲ್ಲಿ, "ಗಂಗಣ್ಣ, ಅದು ಸೋರಲ್ವಾ?" ಎಂದು ಕೇಳಿದ. "ಬಾತುಕೋಳೀದು ಸೋರ್ತದೆ" ಎಂದರು ಗಂಗಾಧರಯ್ಯನವರು. "ದೊಡ್ಡೋರದ್ದು ಸ್ಟೋರಲ್ಲಿದೆಯಂತೆ." ಬೈಲಪ್ಪ, "ಹೌದಾ" ಎಂದ. ಆಮೇಲೆ ಹಾಸಿಗೆಯ ಮೇಲೆ ಕೂತು, ಏನೂ ಕೇಳದವನ ಹಾಗೆ ಕಾಲು ಅಲ್ಲಾಡಿಸತೊಡಗಿದ.

ಸಂಜೆಯ ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲಿಗೆ ಬಂದರು. ಮೈ ಹಗುರವಾಗಿತ್ತು, ಜ್ವರ ಬಿಟ್ಟ ಮಗುವಿನ ಮೈಯಂತೆ. ಒಂದು ಮುಳ್ಳು ಮಾತ್ರ ಉಳಿದಿತ್ತು. ಮುರಿಗೆವ್ವ ಗುಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಪ್ಪು ಮಣ್ಣನ್ನು ಜರಡಿ ಹಿಡಿಯುತ್ತಿದ್ದಳು, ನಾಳೆ ತುಳಸಿಕಟ್ಟೆಗೂ ಸೇವಂತಿಗೆ ಕುಂಡಗಳಿಗೂ ಹಾಕಲು. ಅವರನ್ನು ಕಂಡು ಸೆರಗು ಸರಿಮಾಡಿಕೊಂಡಳು. "ಅಜ್ಜಾರ, ಮುಂಜಾನೆ ಚ್ಯಾಷ್ಟಿ ಮಾಡಿಬಿಟ್ಟೆ. ನಿಮ್ಮವು ಅಂತ ಗೊತ್ತಿದ್ರ ಬಾಯಿ ತಗೀತಿದ್ದಿಲ್ರಿ. ಮನಸಿಗೆ ಹಚ್ಕೋಬ್ಯಾಡ್ರಿ." "ಇಲ್ಲವ್ವ" ಎಂದರು. ಅವಳಿಗೆ ಅದರಿಂದ ಸಮಾಧಾನವಾಗಿ, "ನಮ್ಮತ್ತಿಗೂ ಹಂಗ ಆಕ್ಕಿತ್ರಿ. ಆಕಿ ಹಿತ್ತಲದಾಗ ಕುಂತ ನಮಗ ಬೈತಿದ್ಲು, ನೀರ ಚೆಲ್ಲೀರಿ ಅಂತ" ಎಂದಳು.

ಅವರಿಗೆ ಅವಳ ಮಾತು ಕೇಳುವುದೆಂದರೆ ಮೊದಲಿನಿಂದಲೂ ಒಂದು ಸುಖ. ಅವಳು ಹೊಸದಾಗಿ ಸೇರಿದಾಗ ರುದ್ರಮ್ಮ ಕಾಫಿ ಕೊಡಹೋಗಿದ್ದಳು, ಇವಳು "ಒಲ್ಲೆ" ಎಂದಿದ್ದಳು. ಊಟದ ಪಂಕ್ತಿಯಲ್ಲಿದ್ದ ಗಂಗಾಧರಯ್ಯನವರು ಬೆಚ್ಚಿ ತಲೆ ಎತ್ತಿದ್ದರು. ಅವರ ಕಡೆ ಬೇಡ ಅನ್ನುತ್ತಾರೆ, ಆಗಲ್ಲ ಅನ್ನುತ್ತಾರೆ. ಒಲ್ಲೆ ಎಂಬುದನ್ನು ಅವರು ಕೇಳಿದ್ದದ್ದು ದೇವಸ್ಥಾನದ ಕಂಬಕ್ಕೆ ಒರಗಿ ಕೂತಾಗ ಮಾತ್ರ. ವರವನ್ನು ತಿರಸ್ಕರಿಸುವ ತಪಸ್ವಿಗಳು, ರಾಜ್ಯವನ್ನು ಬಿಟ್ಟು ನಡೆಯುವ ಅರಸುಮಕ್ಕಳು ಆಡುವ ಮಾತು. ಹಾಡುವವರು ಆ ಪದಕ್ಕೆ ಬಂದಾಗ ದನಿಯನ್ನು ಒಂದು ಕ್ಷಣ ನಿಲ್ಲಿಸುತ್ತಿದ್ದರು. ಅಂಥ ಪದ ಕಾಫಿಯ ಲೋಟದ ಮುಂದೆ, ಪೊರಕೆ ಹಿಡಿದವಳ ಬಾಯಲ್ಲಿ, ಸಲೀಸಾಗಿ ನಡೆದು ಬಂದದ್ದು ಅವರಿಗೆ ಬಹಳ ದಿನ ಸೋಜಿಗವಾಗಿ ಉಳಿದಿತ್ತು.

"ಮುರಿಗೆವ್ವ, ಒಂದು ಉಪಕಾರ ಮಾಡವ್ವ" ಎಂದರು, ಮರಕ್ಕೆ ಕೈ ಆನಿಸಿ. "ಈ ಗುಂಡೀಲಿರೋದನ್ನೆಲ್ಲ ತೆಗೆದು ಬೆಳಿಗ್ಗೆ ಕಸದ ಗಾಡಿಗೆ ಹಾಕ್ಬಿಡು. ತುಳಸಿಗೆ ಹಾಕಬೇಡ. ನನ್ನ ಮೈಲಿಗೆ ಬಿದ್ದಿದೆ ಇದರಲ್ಲಿ. ಇದನ್ನ ತಿಂದು ಬೆಳೆದ ಹೂವನ್ನ ನಾನು ಯಾವ ಕೈಯಲ್ಲಿ ಏರಿಸ್ಲಿ? ಗುಂಡಿ ಖಾಲಿ ಮಾಡಿಬಿಡು. ಹೊಸದಾಗಿ ಶುರು ಮಾಡೋಣ."

ಮುರಿಗೆವ್ವ ಜರಡಿ ನಿಲ್ಲಿಸಿದಳು. ಅವರ ಮುಖ ನೋಡಿದಳು, ತಮಾಷೆಯೋ ಅಲ್ಲವೋ ಎಂದು. ಗುಂಡಿಯಿಂದ ಒಂದು ಹಿಡಿ ಮಣ್ಣು ತೆಗೆದು ತಾನು ಮೂಸಿ ನೋಡಿ, ಅವರ ಕಡೆ ಚಾಚಿದಳು. ಗಂಗಾಧರಯ್ಯನವರು ಹಿಂಜರಿದು, ಆಮೇಲೆ ಬಗ್ಗಿದರು. ಸೇವಂತಿಗೆಯ ವಾಸನೆಯಿಲ್ಲ, ಬೇರೆ ಯಾವುದರ ವಾಸನೆಯೂ ಇಲ್ಲ. ಮೊದಲ ಮಳೆಗೆ ತೊಯ್ದ ರಾಗಿಹೊಲ, ಬೆಳಗಿನ ಜಾವದ ತಿಪ್ಪೆ, ಅವ್ವನ ಸೆರಗು. ಅವಳು ಆ ಹಿಡಿಯನ್ನು ಜರಡಿಗೆ ಸುರಿದುಕೊಂಡಳು, ಮತ್ತೆ ಅಲ್ಲಾಡಿಸತೊಡಗಿದಳು.

"ಮುರಿಗೆವ್ವ, ಹೇಳ್ದೆನಲ್ಲವ್ವ. ಗಾಡಿಗೆ ಹಾಕಿಬಿಡು."

ಅವಳು ತಲೆ ಎತ್ತಲಿಲ್ಲ. ಜರಡಿಯ ಸದ್ದಿನ ನಡುವೆ, ಹಾಡುವವರು ನಿಲ್ಲಿಸುತ್ತಿದ್ದಂತೆ ಒಂದು ಕ್ಷಣ ನಿಲ್ಲಿಸಿ, "ಒಲ್ಲೆ" ಎಂದಳು.